ಕಪಾಟಿನಲ್ಲಿ ಉಳಿದ ಕೆಂಪು ಮಾತ್ರೆ

ಸೊಸೆ ಗರ್ಭಿಣಿ ಎಂದು ಗೊತ್ತಾದ ದಿನದಿಂದ ಮನೆಯಲ್ಲಿ ಹಾಲು, ತುಪ್ಪ, ಖರ್ಜೂರಗಳದ್ದೇ ಮಾತು. ಆದರೆ ಆಸ್ಪತ್ರೆಯಲ್ಲಿ ಕೊಟ್ಟ ಕೆಂಪು ಮಾತ್ರೆ ಕಪಾಟಿನಲ್ಲೇ ಉಳಿಯುತ್ತದೆ. ನಿಮ್ಮ ಮನೆಯಲ್ಲೂ ಹೀಗೆಯೇ? ಹಾಗಾದರೆ ಸ್ವಲ್ಪ ಗಮನ ಕೊಡಿ.

37 ವಾರ ತುಂಬುವ ಮೊದಲೇ ಆಗುವ ಹೆರಿಗೆಯನ್ನು ಅವಧಿಪೂರ್ವ ಹೆರಿಗೆ ಎನ್ನುತ್ತಾರೆ. 2020ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 34 ಲಕ್ಷ ಮಕ್ಕಳು ಹೀಗೆ ಹುಟ್ಟಿದರು. ಅವರಲ್ಲಿ ಸುಮಾರು 30 ಲಕ್ಷ ಮಕ್ಕಳು ಹುಟ್ಟಿದ್ದು ನಮ್ಮ ದೇಶದಲ್ಲಿ. ಇಂತಹ ಮಗುವಿಗೆ ಉಸಿರಾಡುವುದೂ ಹಾಲು ಚೀಪುವುದೂ ಕಷ್ಟ. ಇದಕ್ಕೆ ಸೋಂಕು, ರಕ್ತದೊತ್ತಡ, ಅವಳಿ ಗರ್ಭ ಹೀಗೆ ಕಾರಣಗಳು ಹಲವು. ಎಲ್ಲವೂ ನಮ್ಮ ಕೈಯಲ್ಲಿಲ್ಲ. ಆದರೆ ಪೋಷಣೆ ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ.

ಕಬ್ಬಿಣ, ಸತು, ತಾಮ್ರ, ಅಯೋಡಿನ್, ಸೆಲೆನಿಯಂ ದೇಹಕ್ಕೆ ಬೇಕಾಗುವುದು ಅತ್ಯಲ್ಪ. ಆ ಅಲ್ಪವೂ ಸಿಗದಿದ್ದರೆ ತೊಂದರೆ. ಇವುಗಳಲ್ಲಿ ನಮ್ಮಲ್ಲಿ ಹೆಚ್ಚು ಕಾಡುವುದು ಕಬ್ಬಿಣದ ಕೊರತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 100 ಗರ್ಭಿಣಿಯರಲ್ಲಿ 52 ಮಂದಿಗೆ ರಕ್ತಹೀನತೆ ಇತ್ತು. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿಳಿದರೆ ರಕ್ತಹೀನತೆ. ಅದು ತೀವ್ರವಾದಷ್ಟೂ ಅವಧಿಪೂರ್ವ ಹೆರಿಗೆಯ ಅಪಾಯ ಹೆಚ್ಚು.

ಸರಕಾರಿ ಆಸ್ಪತ್ರೆಯ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಇರುತ್ತದೆ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಸೇವಿಸಬೇಕು. ಮಲ ಕಪ್ಪಾದರೆ ಹೆದರಬೇಡಿ, ಅದು ಸಹಜ. ಮಾತ್ರೆಯಿಂದ ಮಗು ಕಪ್ಪಾಗುತ್ತದೆ ಎಂಬುದು ಸುಳ್ಳು. ಮಗುವಿನ ಬಣ್ಣ ತಂದೆತಾಯಿಯಿಂದ ಬರುತ್ತದೆ, ಮಾತ್ರೆಯಿಂದಲ್ಲ. ವಾಕರಿಕೆಯಾದರೆ ರಾತ್ರಿ ಊಟದ ಬಳಿಕ ತೆಗೆದುಕೊಳ್ಳಿ. ಚಹಾದ ಜೊತೆ ಬೇಡ, ಲಿಂಬೆ ಶರಬತ್ತು ಒಳ್ಳೆಯದು. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆಯ ಅಂತರವಿರಲಿ. ರಮಝಾನಿನಲ್ಲಿ ಗರ್ಭಿಣಿಗೆ ಉಪವಾಸದಿಂದ ರಿಯಾಯಿತಿಯಿದೆ. ಆದರೂ ಹಿಡಿಯುವುದಾದರೆ ಮೊದಲು ವೈದ್ಯರನ್ನು ಕೇಳಿ, ಮಾತ್ರೆಯ ಹೊತ್ತನ್ನು ರಾತ್ರಿಗೆ ಹೊಂದಿಸಿಕೊಳ್ಳಿ.

ಉಳಿದ ಖನಿಜಗಳ ವಿಷಯವೇನು? ಸೆಲೆನಿಯಂ ಕಡಿಮೆಯಿದ್ದ ಗರ್ಭಿಣಿಯರಲ್ಲಿ ಅವಧಿಪೂರ್ವ ಹೆರಿಗೆ ಹೆಚ್ಚು ಎಂದು 2011ರಲ್ಲಿ ನೆದರ್ಲೆಂಡ್ಸ್‌ನ ಅಧ್ಯಯನವೊಂದು ತೋರಿಸಿತು. ಹಾಗೆಂದು ಸೆಲೆನಿಯಂ ಮಾತ್ರೆ ನುಂಗಿದರೆ ಹೆರಿಗೆ ಸರಿಯಾದ ಸಮಯಕ್ಕೆ ಆಗುತ್ತದೆ ಎಂದು ಅರ್ಥವಲ್ಲ. ಸತುವಿನ ಮಾತ್ರೆಯಿಂದಲೂ ಖಚಿತವಾದ ಲಾಭ ಕಂಡುಬಂದಿಲ್ಲ. ಸೆಲೆನಿಯಂ ಅತಿಯಾದರೆ ವಿಷವೂ ಹೌದು. ಆದ್ದರಿಂದ ದುಬಾರಿ ಕ್ಯಾಪ್ಸೂಲ್‌ಗಳನ್ನು ವೈದ್ಯರು ಹೇಳದೆ ಕೊಳ್ಳಬೇಡಿ. ಮೀನು, ಮೊಟ್ಟೆ, ಮಾಂಸ, ಬೇಳೆಕಾಳು, ಎಳ್ಳು, ನುಗ್ಗೆಸೊಪ್ಪು ಸರದಿಯಂತೆ ತಟ್ಟೆಗೆ ಬರಲಿ. ಅಡುಗೆಗೆ ಅಯೋಡಿನ್‌ಯುಕ್ತ ಉಪ್ಪನ್ನೇ ಬಳಸಿ, ಡಬ್ಬಿಯ ಮುಚ್ಚಳ ಭದ್ರವಾಗಿರಲಿ.

ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯಿದೆ. ತಾಯಿ ಕಾರ್ಡ್‌ನಲ್ಲಿ ಹಿಮೋಗ್ಲೋಬಿನ್ ಎಷ್ಟು ಎಂದು ಬರೆಸಿಕೊಳ್ಳಿ. ದಿನ ತುಂಬುವ ಮೊದಲೇ ಬಿಟ್ಟುಬಿಟ್ಟು ಹೊಟ್ಟೆನೋವು, ನೀರು ಹೋಗುವುದು, ರಕ್ತಸ್ರಾವ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಬೇಗ ತಲುಪಿದರೆ ಮಗುವಿನ ಶ್ವಾಸಕೋಶ ಬಲಿಯಲು ನೆರವಾಗುವ ಚುಚ್ಚುಮದ್ದು ಕೊಡಲು ವೈದ್ಯರಿಗೆ ಸಮಯ ಸಿಗುತ್ತದೆ.

ಅತ್ತೆಯಂದಿರಲ್ಲಿ ಒಂದು ಮಾತು. ಇಂದು ರಾತ್ರಿ ಊಟದ ನಂತರ "ಮಾತ್ರೆ ತಿಂದೆಯಾ ಮಗಳೇ?" ಎಂದು ಕೇಳಿ. ತುಪ್ಪಕ್ಕಿಂತ ಹೆಚ್ಚಿನ ಉಪಕಾರ ಅದರಿಂದಾದೀತು.