ಅಪ್ಪಯ್ಯನನ್ನ ಎಲ್ಲಿ ಕೂರಿಸೋದು?

ನಮ್ಮ ಹಾಲ್‌ನಲ್ಲಿ ಆರು ಡಬ್ಬಗಳಿವೆ. ಐದು ಸ್ಪೀಕರ್, ಒಂದು ಸಬ್‌ವೂಫರ್. ಹತ್ತಡಿ, ಹನ್ನೆರಡಡಿ ಹಾಲ್‌ಗೆ ಇದು ಜಾಸ್ತಿಯಾಯ್ತು ಅಂತ ನನ್ನ ಹೆಂಡತಿ ಮೂರು ವರ್ಷದಿಂದ ಹೇಳ್ತಾನೇ ಇದ್ದಾಳೆ. ಅವಳ ಮಾತಲ್ಲಿ ತಪ್ಪಿಲ್ಲ. ತಿಂಗಳಿಗೆ ಒಂದೋ ಎರಡೋ ಸಿನಿಮಾ ಬಿಟ್ಟರೆ ಹಿಂದಿನ ಎರಡು ಸ್ಪೀಕರ್‌ಗಳಿಗೆ ಕೆಲಸವೇ ಇರಲಿಲ್ಲ. ನಾನು ಕೇಳುವುದೆಲ್ಲ ಹಳೇ ಹಾಡು. ಅವು ಸ್ಟೀರಿಯೋ, ಇನ್ನೂ ಹಳೆಯದಾದರೆ ಮೋನೋ. ಹಾಗಾಗಿ ಹಿಂದಿನ ಬಲಗಡೆ ಸ್ಪೀಕರ್ ಮೇಲೆ ಟವೆಲ್ ಒಣಗುತ್ತಿತ್ತು.

ಈ ಅಂಕಣ ಓದುವವರಿಗೆ ನನ್ನ ವೀಕೆಂಡ್ ಹುಚ್ಚುಗಳು ಗೊತ್ತೇ ಇವೆ. ಈ ಮಳೆಗಾಲದ ಹುಚ್ಚು ಏನಪ್ಪಾ ಅಂದರೆ, ಒಂದು ಹಾಡನ್ನು ಬಿಡಿಬಿಡಿಯಾಗಿ ಬಿಚ್ಚಿ, ಆ ಆರು ಡಬ್ಬಗಳಿಗೆ ಹಂಚಿ, ಮನೆಯಲ್ಲೇ ಸರೌಂಡ್ ಸೌಂಡ್ ಮಾಡುವುದು.

ಹಾಡು ಬಿಚ್ಚುವುದು ಅಂದರೆ ಕುಡಿಯೋಕೆ ತಂದ ಚಹಾದಿಂದ ಸಕ್ಕರೆ ವಾಪಸ್ ತೆಗೆದ ಹಾಗೆ. ಆಗಲ್ಲ ಅಂತಲೇ ಎಲ್ಲರೂ ಅಂದುಕೊಂಡಿದ್ದೆವು. ಮುಂಚೆ ಒಂದು ಹಳೇ ಉಪಾಯ ಇತ್ತು. ಗಾಯಕರ ದನಿ ಸಾಮಾನ್ಯವಾಗಿ ಎಡಕ್ಕೂ ಬಲಕ್ಕೂ ಒಂದೇ ಸಮ ಇರುತ್ತಲ್ಲ, ಎಡದಿಂದ ಬಲವನ್ನು ಕಳೆದರೆ ದನಿ ಮಾಯ, ಕರೋಕೆ ರೆಡಿ. ಆದರೆ ದನಿಯ ಜೊತೆ ನಡುವೆ ಇದ್ದ ಬಾಸ್, ಡ್ರಮ್ಸ್ ಕೂಡ ಮಾಯ ಆಗುತ್ತಿದ್ದವು. 2019ರಲ್ಲಿ ಡೀಜರ್ ಕಂಪನಿ ಸ್ಪ್ಲೀಟರ್ ಅನ್ನೋ ಸಾಫ್ಟ್‌ವೇರನ್ನು ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟಿತು. ಆಮೇಲೆ ಫೇಸ್‌ಬುಕ್‌ನ ಸಂಶೋಧಕರ ಡೆಮಕ್ಸ್ ಬಂತು. ನಾನು ಬಳಸೋದು ಅದನ್ನೇ. ಪೈಥಾನ್‌ನಲ್ಲಿ ಒಂದು ಕಮಾಂಡ್ ಕೊಟ್ಟರೆ ಸಾಕು. ನನ್ನ ಲ್ಯಾಪ್‌ಟಾಪ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಆದರೂ ನಾಲ್ಕು ನಿಮಿಷದ ಹಾಡಿಗೆ ಒಂದು ಕಾಫಿ ಮಾಡಿಕೊಂಡು ಬರುವಷ್ಟು ಹೊತ್ತು, ಅಷ್ಟೇ. ಕಮಾಂಡ್ ಅಂದರೆ ಭಯ ಇರೋರಿಗೆ ಅಲ್ಟಿಮೇಟ್ ವೋಕಲ್ ರಿಮೂವರ್ ಅಂತ ಬಟನ್ ಒತ್ತುವ ಸಾಫ್ಟ್‌ವೇರೂ ಇದೆ, ಅದೂ ಫ್ರೀ.

ಕೊನೆಗೆ ಕೈಗೆ ಸಿಗೋದು ನಾಲ್ಕು ಫೈಲ್. ವೋಕಲ್ಸ್, ಡ್ರಮ್ಸ್, ಬಾಸ್, ಅದರ್. ಕೊನೆಯದು ನನಗೆ ಇಷ್ಟ. ಮೊದಲ ಮೂರಕ್ಕೆ ಸೇರದ ಎಲ್ಲವೂ, ಪಿಟೀಲು, ಕೊಳಲು, ಸಿತಾರ್, ಹಾರ್ಮೋನಿಯಂ, ಎಲ್ಲ 'ಇತರೆ'. ಆಫೀಸಿನ ಖರ್ಚಿನ ಲೆಕ್ಕದಲ್ಲಿ ಇರುತ್ತಲ್ಲ, ಹಾಗೆ.

ಈ ಇತರೆಯಲ್ಲೇ ನಮ್ಮ ಹಾಡುಗಳ ಕಷ್ಟ ಶುರುವಾಗೋದು. ಇಂಥ ಸಾಫ್ಟ್‌ವೇರ್ ಕಲಿಯೋದು ಉದಾಹರಣೆಗಳಿಂದ. ಈ ಕ್ಷೇತ್ರದಲ್ಲಿ ಎಲ್ಲರೂ ಬಳಸುವ ಎಂಯುಎಸ್‌ಡಿಬಿ18 ಅನ್ನೋ ಸಂಗ್ರಹದಲ್ಲಿ ಇರೋದು 150 ಹಾಡು, ಹೆಚ್ಚಾಗಿ ಪಾಶ್ಚಾತ್ಯ ಪಾಪ್, ರಾಕ್. ಅದಕ್ಕೆ ಗಿಟಾರ್ ಗೊತ್ತು, ತಬಲಾ ಗೊತ್ತಿಲ್ಲ. ನಾನು ಹಾಕಿದ ಹಳೇ ಕನ್ನಡ ಹಾಡಲ್ಲಿ ಎಡಗೈ ಡಗ್ಗಾ ಹೋಗಿ ಬಾಸ್‌ನಲ್ಲಿ ಕೂತಿತ್ತು, ಬಲಗೈ ಪೆಟ್ಟು ಅರ್ಧ ಡ್ರಮ್ಸ್‌ಗೆ, ಅರ್ಧ ಇತರೆಗೆ. ಒಬ್ಬ ತಬಲಾ ವಾದಕನನ್ನು ಮೂರು ರೂಮಿಗೆ ಹಂಚಿದ ಹಾಗಾಯ್ತು. ಶಹನಾಯಿಯನ್ನಂತೂ ಅದು ಮನುಷ್ಯರ ದನಿ ಅಂತಲೇ ತಿಳಿದು ವೋಕಲ್ಸ್‌ಗೆ ಸೇರಿಸಿತ್ತು. ಶಹನಾಯಿ ನುಡಿಸುವವರು ಇದನ್ನ ಹೊಗಳಿಕೆ ಅಂತ ತಗೋಬಹುದು. ಬಾರ್ಸಿಲೋನಾದ ಒಂದು ವಿಶ್ವವಿದ್ಯಾಲಯ ಕರ್ನಾಟಕ ಸಂಗೀತ ಕಛೇರಿಗಳ ಬಿಡಿ ಟ್ರ್ಯಾಕ್‌ಗಳನ್ನು ಸರಾಗ ಅನ್ನೋ ಹೆಸರಲ್ಲಿ ಕೂಡಿಸಿಟ್ಟಿದೆ. ಅದರಲ್ಲೂ ವೇದಿಕೆ ಮೇಲೆ ಎಲ್ಲರೂ ಒಟ್ಟಿಗೆ ಕೂತಿರೋದರಿಂದ ಗಾಯಕರ ಮೈಕ್‌ಗೆ ಪಿಟೀಲೂ ಮೃದಂಗವೂ ನುಗ್ಗಿರುತ್ತವೆ.

ಬಿಚ್ಚಿದ್ದಾಯ್ತು, ಇನ್ನು ಹಂಚಬೇಕು. 5.1 ಅಂದರೆ ಮುಂದೆ ಎಡ, ಬಲ, ನಡುವೆ ಸೆಂಟರ್, ಹಿಂದೆ ಎಡ, ಬಲ, ಆಮೇಲೆ ಗುಡುಗಿಗೆ ಅಂತಲೇ ಇರುವ ಎಲ್‌ಎಫ್‌ಇ ಚಾನೆಲ್. ರೀಪರ್ ಅನ್ನೋ ಎಡಿಟರ್‌ನಲ್ಲಿ ನಾಲ್ಕು ಫೈಲ್ ಎಳೆದು ಹಾಕಿ ಯಾವುದು ಎಲ್ಲಿ ಅಂತ ಹೇಳಿದರೆ ಆರು ಚಾನೆಲ್‌ನ ಒಂದು ಫ್ಲ್ಯಾಕ್ ಫೈಲ್ ಮಾಡಿಕೊಡುತ್ತದೆ. ಲ್ಯಾಪ್‌ಟಾಪ್‌ನಿಂದ ಎಚ್‌ಡಿಎಂಐ ಕೇಬಲ್‌ನಲ್ಲಿ ರಿಸೀವರ್‌ಗೆ ಕೊಟ್ಟರೆ ಆಯ್ತು.

ಬಾಸ್ ಫೈಲ್ ಇದೆ, ಸಬ್‌ವೂಫರ್ ಇದೆ, ಇನ್ನೇನು ಅಂತ ನಾನು ಮೊದಲ ಸಲ ಪೂರ್ತಿ ಬಾಸನ್ನು ಎಲ್‌ಎಫ್‌ಇಗೆ ಸುರಿದೆ. ಆ ಚಾನೆಲ್ಲನ್ನು ರಿಸೀವರ್ ಉಳಿದವಕ್ಕಿಂತ 10 ಡೆಸಿಬಲ್ ಜೋರಾಗಿ ನುಡಿಸುತ್ತದೆ ಅನ್ನೋದು ಮರೆತುಹೋಗಿತ್ತು. ಎರಡನೇ ಚರಣಕ್ಕೆ ಕೆಳಗಿನ ಮನೆ ಅಂಕಲ್ ಬಾಗಿಲಲ್ಲಿದ್ದರು. ಬಾಸ್ ಗಿಟಾರ್‌ನ ತಂತಿ ಮೀಟುವ ಸದ್ದೆಲ್ಲ ಮೇಲಿನ ಸ್ವರಗಳಲ್ಲಿರುತ್ತೆ, ಅದಕ್ಕೆ ಮುಂದಿನ ಸ್ಪೀಕರೇ ಸರಿ. ಎಲ್‌ಎಫ್‌ಇಗೆ ಉಪ್ಪಿನಕಾಯಿಯಷ್ಟು ಸಾಕು.

ಆದರೆ ನಿಜವಾದ ಪಾಠ ಬೇರೆ. ನಾಲ್ಕೂ ಫೈಲ್ ಒಟ್ಟಿಗೆ ಹಾಕಿ ಕೇಳಿದರೆ ಮೂಲ ಹಾಡೇ, ಒಂದು ತಪ್ಪೂ ಕಾಣೋದಿಲ್ಲ. ವೋಕಲ್ಸ್‌ನಿಂದ ತಪ್ಪಿಸಿಕೊಂಡ ಚೂರು ಡ್ರಮ್ಸ್‌ನಲ್ಲಿ ಇರುತ್ತದಲ್ಲ, ಕೂಡಿಸಿದಾಗ ಅದು ತನ್ನ ಜಾಗಕ್ಕೆ ವಾಪಸ್ ಬಂದುಬಿಡುತ್ತದೆ. ಒಂದೊಂದನ್ನು ಒಂದೊಂದು ಮೂಲೆಗೆ ಕಳಿಸಿದಾಗಲೇ ಬಣ್ಣ ಬಯಲಾಗೋದು. ಹಿಂದಿನ ಮೂಲೆಯಿಂದ ಗಾಯಕಿಯ ಅರ್ಧ ಅಕ್ಷರ ಕೇಳುತ್ತದೆ, ಪಿಟೀಲು ನೀರೊಳಗೆ ನುಡಿಸಿದ ಹಾಗಿರುತ್ತದೆ. ಹಾಗಾಗಿ ನಾನೀಗ ಮೂಲ ಹಾಡನ್ನೇ ಮುಂದಿನ ಎರಡು ಸ್ಪೀಕರ್‌ನಲ್ಲಿ ಸಣ್ಣಗೆ ಇಟ್ಟು, ಅದರ ಮೇಲೆ ಬಿಡಿ ಫೈಲ್‌ಗಳನ್ನು ಹಂಚುತ್ತೇನೆ. ಹಿಂದೆ ಹೋಗುವುದನ್ನು 15 ಮಿಲಿಸೆಕೆಂಡ್ ತಡ ಮಾಡುತ್ತೇನೆ. ಮೊದಲು ಕಿವಿಗೆ ಬಿದ್ದ ದಿಕ್ಕನ್ನೇ ಮಿದುಳು ನಂಬುತ್ತದೆ, ಆಗ ಹಾಡು ಮುಂದೆಯೇ ಇದ್ದು ಸುತ್ತಲೂ ಹರಡಿದ ಹಾಗೆ ಅನಿಸುತ್ತದೆ. (ಇವೆಲ್ಲ ಮನೆಯೊಳಗಿನ ಆಟ. ಇನ್ನೊಬ್ಬರ ಹಾಡನ್ನು ಹೀಗೆ ಬಿಚ್ಚಿ ಅಪ್‌ಲೋಡ್ ಮಾಡೋದಕ್ಕೆ ಹೋಗಬೇಡಿ.)

ಹೀಗೆ ಹತ್ತು ಹನ್ನೆರಡು ಸಿನಿಮಾ ಹಾಡು ಮಾಡಿ ಕೈ ಪಳಗಿದ ಮೇಲೆ ಆಗಸ್ಟ್‌ನಲ್ಲಿ ಅಮ್ಮ ಸಾಗರದಿಂದ ಬಂದಳು. ಬ್ಯಾಗಲ್ಲಿ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಮತ್ತೆ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿದ ಒಂದು ಕ್ಯಾಸೆಟ್. ಮೇಲೆ ಅವಳದೇ ಅಕ್ಷರ: ಅಮ್ಮನ ಹಸೆ ಹಾಡು, 1996.

"ನೀನು ಏನೋ ಹಾಡು ಬಿಡಿಸ್ತೀಯಂತಲ್ಲ ಮಾರಾಯಾ, ಇದನ್ನ ಒಂಚೂರು ಸ್ವಚ್ಛ ಮಾಡಿಕೊಡು" ಅಂದಳು.

ಅಜ್ಜಿ ಊರಿನ ಮದುವೆಗಳಲ್ಲಿ ಹಸೆ ಹಾಡು ಹೇಳುತ್ತಿದ್ದವಳು. ಒಂದು ಮಳೆಗಾಲದ ಮಧ್ಯಾಹ್ನ ಮಾವ ಟೇಪ್ ರೆಕಾರ್ಡರ್ ತಂದು ಹಾಡಿಸಿದ್ದನಂತೆ. ಅವಳು ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಯ್ತು. ಸಹೋದ್ಯೋಗಿಯೊಬ್ಬನ ಮನೆಯಿಂದ ಕ್ಯಾಸೆಟ್ ಡೆಕ್ ಬೇಡಿ ತಂದೆ. ಹೆಡ್, ರೋಲರ್ ಎಲ್ಲ ಸ್ಪಿರಿಟ್ ಹಚ್ಚಿ ಒರೆಸಿ, ಉಸಿರು ಬಿಗಿ ಹಿಡಿದು ಪ್ಲೇ ಒತ್ತಿದೆ. ಟೇಪ್ ತುಂಡಾಗಲಿಲ್ಲ. ಮಳೆ, ಸೊಯ್ ಅನ್ನೋ ಟೇಪಿನ ಸದ್ದು, ಅದರ ಆಚೆ ಎಲ್ಲೋ ಅಜ್ಜಿ.

ನಿಮಗೆ ನೆನಪಿರಬಹುದು, 2023ರಲ್ಲಿ ಬೀಟಲ್ಸ್‌ನ ಕೊನೆಯ ಹಾಡು ಅಂತ ಒಂದು ಬಂತು. ಜಾನ್ ಲೆನನ್ 1970ರ ದಶಕದ ಕೊನೆಯಲ್ಲಿ ಮನೆಯಲ್ಲಿ ಪಿಯಾನೋ ನುಡಿಸುತ್ತಾ ಹಾಡಿ ಕ್ಯಾಸೆಟ್ ಮಾಡಿಟ್ಟಿದ್ದ. ಪಿಯಾನೋದಿಂದ ದನಿಯನ್ನು ಬೇರೆ ಮಾಡಿ ಪೂರ್ತಿ ಹಾಡು ಕಟ್ಟಿದರು. ಲೆನನ್‌ಗೆ ಆಗಿದ್ದು ನಮ್ಮಜ್ಜಿಗೆ ಯಾಕಾಗಬಾರದು?

ಆಯ್ತು ಕೂಡ. ವೋಕಲ್ಸ್ ಫೈಲ್ ತೆರೆದಾಗ ನನಗೆ ಮೈ ಜುಂ ಅಂತು. ಮಳೆ ಇಲ್ಲ, ಏನಿಲ್ಲ, ಪಕ್ಕದಲ್ಲಿ ಕೂತ ಹಾಗೆ ಅಜ್ಜಿ. ಮಳೆ, ಟೇಪಿನ ಸದ್ದು ಇತರೆಗೆ ಹೋಗಿತ್ತು. ಬಾಸ್ ಹೆಚ್ಚುಕಡಿಮೆ ಖಾಲಿ. ಡ್ರಮ್ಸ್‌ನಲ್ಲಿ ಅಲ್ಲೊಂದು ಇಲ್ಲೊಂದು ಟಕ್ ಅನ್ನೋ ಸದ್ದು. ಹಸೆ ಹಾಡಿಗೆ ಎಲ್ಲಿಯ ಡ್ರಮ್ಸ್, ಟೇಪಿನ ದೋಷ ಇರಬೇಕು ಅಂತ ಮ್ಯೂಟ್ ಮಾಡಿದೆ. ವೋಕಲ್ಸ್‌ನಲ್ಲೂ ನುಡಿ ನುಡಿಗಳ ನಡುವೆ ಗುರ್ ಅನ್ನೋ ಏನೋ ಇತ್ತು. ಅದನ್ನೂ ಕತ್ತರಿಸಿ ಖಾಲಿ ಮಾಡಿದೆ.

ಭಾನುವಾರ ಅಮ್ಮನನ್ನು ಸೋಫಾದ ನಟ್ಟನಡುವೆ ಕೂರಿಸಿ ಹಾಕಿದೆ. ಮೊದಲ ನುಡಿಗೆ ಸೆರಗು ಕಣ್ಣಿಗೆ ಹೋಯ್ತು. ಎರಡನೆಯದಕ್ಕೆ ಹುಬ್ಬು ಗಂಟಾಯ್ತು. ಮೂರನೆಯದು ಮುಗಿಯುತ್ತಿದ್ದಂತೆ ಕೇಳಿದಳು, "ಅಪ್ಪಯ್ಯ ಎಲ್ಲಿ?"

"ಯಾವ ಅಪ್ಪಯ್ಯ?"

"ನನ್ನ ಅಪ್ಪಯ್ಯ. ಅಮ್ಮ ಹಾಡುವಾಗ ಅಲ್ಲೇ ಕೂತು ಅಡಿಕೆ ಕತ್ತರಿಸ್ತಿದ್ದ. ಒಂದೊಂದು ನುಡಿ ಆದಾಗಲೂ ಹೂಂ ಅಂತಿದ್ದ. ಕ್ಯಾಸೆಟ್ಟಲ್ಲಿ ಇತ್ತಲ್ಲೋ. ತೆಗೆದುಬಿಟ್ಯಾ?"

ಅಜ್ಜ ಮರುವರ್ಷವೇ ಹೋದ. ನಾನು ಅವನನ್ನು ನೋಡಿರೋದು ಗೋಡೆ ಮೇಲಿನ ಫೋಟೋದಲ್ಲಿ. ಅವನ ದನಿ ಬೇರೆ ಯಾವುದರಲ್ಲೂ ಇಲ್ಲ.

ಲ್ಯಾಪ್‌ಟಾಪ್ ತೆಗೆದು ಡ್ರಮ್ಸ್‌ನ ಮ್ಯೂಟ್ ಬಿಡಿಸಿದೆ. ಟಕ್. ಸ್ವಲ್ಪ ಬಿಟ್ಟು ಟಕ್. ಅಮ್ಮ "ಅದೇ, ಅದೇ! ಅಡಕತ್ತರಿ!" ಅಂತ ನಗೋದಕ್ಕೆ ಶುರು ಮಾಡಿದಳು. ಗುರ್ ಅಂತ ನಾನು ಕತ್ತರಿಸಿ ಎಸೆದಿದ್ದೇ ಅಜ್ಜನ ಹೂಂ. ಪುಣ್ಯಕ್ಕೆ ಮೂಲ ಫೈಲ್ ಇತ್ತು. ಒಂದನ್ನು ಹೆಕ್ಕಿ ಕೇಳಿಸಿದೆ. ಆಗ ಅವಳು ನಗಲಿಲ್ಲ.

ಅಲ್ಲಿಂದ ಮುಂದೆ ಮಿಕ್ಸಿಂಗ್ ಎಂಜಿನಿಯರ್ ಅಮ್ಮನೇ. ಒಂದೇ ಮೈಕ್‌ನ ಮೋನೋ ಟೇಪ್ ಅದು, ಯಾರು ಎಲ್ಲಿದ್ದರು ಅನ್ನೋದು ಅದರಲ್ಲಿ ಇಲ್ಲ. ಇರೋದು ಅವಳ ತಲೆಯಲ್ಲಿ. "ನಾವು ನಡುಮನೇಲಿ ಇದ್ವಿ. ಅಮ್ಮ ಎದುರಿಗೆ, ಕಂಬಕ್ಕೆ ಒರಗಿ. ಅಪ್ಪಯ್ಯ ಜಗಲಿ ಬಾಗಿಲ ಹತ್ರ, ನನ್ನ ಬೆನ್ನ ಹಿಂದೆ, ಬಲಕ್ಕೆ." ಅಜ್ಜಿಯನ್ನು ಸೆಂಟರ್‌ಗೆ, ಅಡಕತ್ತರಿ ಮತ್ತು ಹೂಂ ಹಿಂದಿನ ಬಲಕ್ಕೆ ಹಾಕಿದೆ. ಮಳೆಯನ್ನು ಮುಂದಿನ ಎರಡರಲ್ಲಿ ಇಟ್ಟಿದ್ದೆ. "ಮಳೆ ಎದುರಿಗೆ ಬರೋದೇನೋ? ಹೆಂಚಿನ ಮೇಲೆ ಬರ್ತಿತ್ತು" ಅಂದಳು. ಚಾವಣಿಗೆ ಸ್ಪೀಕರ್ ಹಾಕಿಸುವ ಮಾತೆತ್ತಿದರೆ ನನಗೇ ಮನೆಯಲ್ಲಿ ಜಾಗ ಇರಲ್ಲ. ನಾಲ್ಕೂ ಮೂಲೆಗೆ ಕೊಟ್ಟು, ಒಂದೊಂದಕ್ಕೂ ಕೆಲವು ಮಿಲಿಸೆಕೆಂಡ್ ಹೆಚ್ಚುಕಡಿಮೆ ತಡ ಮಾಡಿದೆ. ಒಂದೇ ಜಾಗದಲ್ಲಿ ಗಂಟು ಕಟ್ಟಿಕೊಂಡಿದ್ದ ಮಳೆ ಹರಡಿಕೊಂಡಿತು.

ಆಮೇಲೆ ಆ ಹಳೇ ರೋಗ ಇಲ್ಲೂ ಹಾಜರ್. ಅಜ್ಜಿ ಒತ್ತಿ ಹೇಳಿದ ತಕಾರ, ಟಕಾರಗಳ ಚೂರುಗಳು ಡ್ರಮ್ಸ್‌ಗೆ ಸೋರಿದ್ದವು. ಅಜ್ಜ ಕೂತ ಮೂಲೆಯಿಂದ ಅಜ್ಜಿಯ ಅಕ್ಷರ ಸಿಡಿಯುತ್ತಿತ್ತು. ಯಾವ ಸೆಟ್ಟಿಂಗೂ ಸಹಾಯಕ್ಕೆ ಬರಲಿಲ್ಲ. ಮೂರು ರಾತ್ರಿ ಕೂತು, ಹೆಡ್‌ಫೋನ್ ಹಾಕಿಕೊಂಡು, ಅಡಕತ್ತರಿಯ ಒಂದೊಂದು ಸದ್ದನ್ನೂ ಕೈಯಲ್ಲೇ ಹೆಕ್ಕಿದೆ. ಒಟ್ಟು 41 ಟಕ್, 9 ಹೂಂ. ಆಫೀಸಿನಲ್ಲಿ ಇಷ್ಟು ಶ್ರದ್ಧೆಯಿಂದ ಒಂದು ಬಗ್ ಹಿಡಿದಿದ್ದರೆ ಈ ವರ್ಷದ ರೇಟಿಂಗ್ ಬೇರೆ ಇರುತ್ತಿತ್ತು.

ಹಿಂದಿನ ಬಲಗಡೆ ಸ್ಪೀಕರ್ ಮೇಲಿನ ಟವೆಲ್ ತೆಗೆದು, ಮತ್ತೆ ಹಾಕಿದೆ. ಅಮ್ಮ ಸೋಫಾದಲ್ಲಿ ಕೂರಲಿಲ್ಲ. ಚಾಪೆ ಹಾಸಿಕೊಂಡು ಆ ಸ್ಪೀಕರ್ ಪಕ್ಕದಲ್ಲೇ ಗೋಡೆಗೆ ಒರಗಿ ಕೂತಳು. ಸರೌಂಡ್ ಸರಿಯಾಗಿ ಕೇಳೋದು ನಟ್ಟನಡುವೆ ಕೂತರೆ ಮಾತ್ರ, ಅಲ್ಲಿ ಕೂತರೆ ಎಲ್ಲ ಲೆಕ್ಕ ತಪ್ಪುತ್ತದೆ. ನಾನು ಹೇಳಲಿಲ್ಲ.

ಸಂಜೆ ಮಾವನಿಗೆ ವಿಡಿಯೋ ಕಾಲ್ ಮಾಡಿ ಎಲ್ಲ ವಿವರಿಸಿದೆವು. ಅವನು ಪೂರ್ತಿ ಕೇಳಿ, "ಬಲಕ್ಕಾ? ಅಪ್ಪಯ್ಯ ಕೂತಿದ್ದು ಎಡಕ್ಕೆ. ಟೇಪ್ ಹಿಡಿದವನು ನಾನು, ನನಗೆ ಗೊತ್ತಿಲ್ವಾ?" ಅಂದ.

"ನೀನು ಟೇಪ್ ತಿರುಗ್ತಾ ಇದೆಯಾ ಅಂತ ನೋಡ್ತಾ ಇದ್ದೆ ಅಣ್ಣಯ್ಯ. ಅಪ್ಪಯ್ಯನನ್ನ ನೋಡಿದವಳು ನಾನು" ಅಂತ ಅಮ್ಮ.

ಇಪ್ಪತ್ತು ನಿಮಿಷ ಇದೇ ನಡೀತು. ದಸರಾಕ್ಕೆ ಮಾವ ಬೆಂಗಳೂರಿಗೆ ಬರ್ತಾನಂತೆ. ಲ್ಯಾಪ್‌ಟಾಪ್‌ನಲ್ಲಿ ಈಗ ಎರಡು ಫೈಲ್ ಇವೆ, ಒಂದಕ್ಕೆ 'ಬಲ' ಅಂತ ಹೆಸರು, ಇನ್ನೊಂದಕ್ಕೆ 'ಎಡ'. ಎರಡನೆಯದು ಇದೆ ಅಂತ ಅಮ್ಮನಿಗೆ ಇನ್ನೂ ಹೇಳಿಲ್ಲ.