ಹಾರಿದ್ದು ನೀನಾ, ಅಂವನಾ?

ಮೊದಲ ಸಲ ವಿಮಾನದಿಂದ ಹಾರಿದ ವಿಡಿಯೋವನ್ನು ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದ ದಿನ ನನಗೆ ಸಿಕ್ಕಷ್ಟು ಹೊಗಳಿಕೆ ಇಂಜಿನಿಯರಿಂಗ್ ಮುಗಿಸಿದಾಗಲೂ ಸಿಕ್ಕಿರಲಿಲ್ಲ. ಗಂಡೆದೆ ಅಂದರು, ಹುಲಿ ಅಂದರು, ಸಾಲುಸಾಲು ಚಪ್ಪಾಳೆ ತಟ್ಟಿದರು. ಶಿರಸಿ ಸೀಮೆಯ ನಮ್ಮ ಮನೆಯ ಜಗಲಿಯಲ್ಲಿ ಕೂತು ಅದನ್ನು ಎರಡು ಸಲ ನೋಡಿದ ಅಪ್ಪ ಮಾತ್ರ ಫೋನು ಮಾಡಿ ಒಂದೇ ಪ್ರಶ್ನೆ ಕೇಳಿದ: “ತಮಾ, ಹಾರಿದ್ದು ನೀನಾ, ಅಂವನಾ?”

ಅಂವ ಅಂದರೆ ನನ್ನ ಬೆನ್ನ ಹಿಂದಿದ್ದ ಬೋಧಕ. ಹೆಗಲಲ್ಲಿ ಎರಡು, ಸೊಂಟದಲ್ಲಿ ಎರಡು, ಹೀಗೆ ನಾಲ್ಕು ಕೊಂಡಿಗಳಲ್ಲಿ ನನ್ನನ್ನು ಎದೆಗೆ ಸಿಕ್ಕಿಸಿಕೊಂಡು 13,000 ಅಡಿ ಎತ್ತರದಲ್ಲಿ ವಿಮಾನದ ಬಾಗಿಲವರೆಗೆ ತಳ್ಳಿಕೊಂಡು ಹೋದವನು ಅವನು. ಇಬ್ಬರ ತೂಕಕ್ಕೆ ವೇಗ ಮಿತಿಮೀರದಂತೆ ಡ್ರೋಗ್ ಎಂಬ ಪುಟ್ಟ ಪ್ಯಾರಾಚೂಟನ್ನು ಹಿಂದಕ್ಕೆ ಬಿಟ್ಟವನು, ಎತ್ತರ ನೋಡುತ್ತಿದ್ದವನು, ದೊಡ್ಡ ಪ್ಯಾರಾಚೂಟ್ ಬಿಚ್ಚಿದವನು, ಗಾಳಿಗೆ ಎದುರಾಗಿ ತಿರುಗಿಸಿ ನೆಲಕ್ಕೆ ಇಳಿಸಿದವನು ಎಲ್ಲವೂ ಅವನೇ. ನನ್ನ ಪಾಲಿಗಿದ್ದದ್ದು ಎರಡು ಕೆಲಸ: ಹೊರಬೀಳುವಾಗ ಬೆನ್ನು ಬಿಲ್ಲಾಗಿಸುವುದು, ಇಳಿಯುವಾಗ ಕಾಲೆತ್ತುವುದು. ಅದಕ್ಕೆ ಇಪ್ಪತ್ತು ನಿಮಿಷದ ಪಾಠ. ಸಂತೆಗೆ ಹೋಗುವ ಹಲಸಿನಹಣ್ಣಿಗೆ ಇದಕ್ಕಿಂತ ಕಡಿಮೆ ಕೆಲಸ, ಅಷ್ಟೇ ವ್ಯತ್ಯಾಸ.

ಇದನ್ನು ಟ್ಯಾಂಡೆಮ್ ಜಂಪ್ ಎನ್ನುತ್ತಾರೆ. ಇದರ ಮೇಲೆ ನನಗೆ ಸಿಟ್ಟಿಲ್ಲ. ಎಂಬತ್ತು ದಾಟಿದ ಅಜ್ಜಿಯರು, ಗಾಲಿಕುರ್ಚಿಯಲ್ಲಿ ಬಂದವರು ಹೀಗೆ ಆಕಾಶ ಕಂಡು ಬಂದು ನೆಲದ ಮೇಲೆ ಅತ್ತದ್ದನ್ನು ನೋಡಿದ್ದೇನೆ. ಆ ಸಂತೋಷಕ್ಕೆ ಕಲ್ಲು ಹಾಕುವುದು ನೀಚತನ. 1980ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಟೆಡ್ ಸ್ಟ್ರಾಂಗ್, ಬಿಲ್ ಬೂತ್ ಮುಂತಾದವರು ಈ ಜೋಡಿ ಸಲಕರಣೆಯನ್ನು ರೂಪಿಸಿದಾಗ ಅದು ಕಲಿಕೆಯ ಮೊದಲ ಮೆಟ್ಟಿಲು ಎಂಬ ಆಸೆಯಿತ್ತು. ಈಗ ಬಹುಪಾಲು ಜನ ಆ ಮೆಟ್ಟಿಲ ಮೇಲೆ ನಿಂತು ಫೋಟೋ ತೆಗೆಸಿಕೊಂಡು ಮನೆಗೆ ಹೋಗುತ್ತಾರೆ. ಹೋಗಲಿ. ನನ್ನ ತಕರಾರಿರುವುದು ನಾವು ಅದಕ್ಕೆ ಕೊಡುವ ಹೆಸರಿನ ಬಗ್ಗೆ. ಅದನ್ನು ಧೈರ್ಯ ಎನ್ನುತ್ತೇವಲ್ಲ, ಅದರ ಬಗ್ಗೆ.

ಈ ಹೆಸರು ಸುಮ್ಮನೆ ಬಂದದ್ದಲ್ಲ. 2011ರಲ್ಲಿ ‘ಜಿಂದಗಿ ನಾ ಮಿಲೇಗಿ ದೊಬಾರಾ’ ಬಂದ ಮೇಲೆ ನಮ್ಮ ದೇಶದ ಎಷ್ಟೋ ಹುಡುಗ ಹುಡುಗಿಯರ ಪಟ್ಟಿಯಲ್ಲಿ ಸ್ಕೈಡೈವಿಂಗ್ ಸೇರಿಕೊಂಡಿತು. ಸ್ಪೇನಿನ ಆಕಾಶದಲ್ಲಿ ಒಂದು ಸಲ ಬಿದ್ದರೆ ಒಳಗಿನ ಭಯ ಬಿದ್ದುಹೋಗುತ್ತದೆ, ಬದುಕು ಹಗುರಾಗುತ್ತದೆ ಎಂಬುದು ಅದರಿಂದ ನಾವು ಕಲಿತ ಪಾಠ. ಕಾಲೇಜುಗಳ ಬೀಳ್ಕೊಡುಗೆ ಭಾಷಣಗಳಲ್ಲೂ ಇದೇ ಮಂತ್ರ. ಯೋಚಿಸಬೇಡಿ, ಧುಮುಕಿಬಿಡಿ, ರೆಕ್ಕೆ ಆಮೇಲೆ ಮೂಡುತ್ತದೆ! ವೇದಿಕೆಯ ಮೇಲೆ ನಿಂತು ಹೀಗೆ ಹೇಳುವವರಲ್ಲಿ ಒಬ್ಬರಾದರೂ ಎರಡನೆಯ ಸಲ ವಿಮಾನದಿಂದ ಹಾರಿರಲಾರರು ಎಂದು ನನ್ನ ಅನುಮಾನ. ಹಾರಿದ್ದರೆ ಹೀಗೆ ಮಾತಾಡುತ್ತಿರಲಿಲ್ಲ.

ಅಪ್ಪನ ಪ್ರಶ್ನೆ ಚುಚ್ಚಿದ್ದರಿಂದ ನಾನು ತಿರುಗಿ ಹೋದೆ. ದಕ್ಷಿಣ ಕ್ಯಾಲಿಫೋರ್ನಿಯಾದ ಆ ಬಯಲಿನ ತಗಡಿನ ಶೆಡ್ಡಿನಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಪಾಠ. ಆ ಇಡೀ ದಿನ ಯಾರ ಬಾಯಲ್ಲೂ ಧೈರ್ಯ ಎಂಬ ಶಬ್ದ ಬರಲಿಲ್ಲ. ಬಂದದ್ದೆಲ್ಲ ಲೆಕ್ಕ. ಬೀಳುವಾಗ ಸುಮಾರು ಐದೂವರೆ ಸೆಕೆಂಡಿಗೆ ಸಾವಿರ ಅಡಿ ಕಳೆಯುತ್ತದೆ. ಇಷ್ಟು ಎತ್ತರಕ್ಕೆ ಬಂದಾಗ ಪ್ಯಾರಾಚೂಟ್ ಬಿಚ್ಚಬೇಕು. ಬಿಚ್ಚಿದ ಮೇಲೆ ತಲೆಯೆತ್ತಿ ಮೂರು ಪ್ರಶ್ನೆ ಕೇಳಿಕೊಳ್ಳಬೇಕು: ಇದೆಯೇ, ಚೌಕವಾಗಿದೆಯೇ, ಹೇಳಿದ ಕಡೆ ತಿರುಗುತ್ತದೆಯೇ? ಯಾವುದಕ್ಕಾದರೂ ಇಲ್ಲ ಎಂಬ ಉತ್ತರ ಬಂದರೆ 2,500 ಅಡಿಯೊಳಗೆ ತೀರ್ಮಾನ ಮುಗಿದಿರಬೇಕು. ಬಲಗಡೆಯ ಹಿಡಿ ಎಳೆದು ಕೆಟ್ಟ ಪ್ಯಾರಾಚೂಟನ್ನು ಕಳಚು, ಎಡಗಡೆಯದನ್ನು ಎಳೆದು ಎರಡನೆಯದನ್ನು ಬಿಚ್ಚು. ಸೂರಿಗೆ ಕಟ್ಟಿದ ಪಟ್ಟಿಗಳಲ್ಲಿ ತೂಗುಹಾಕಿ ಇದನ್ನು ನಮ್ಮಿಂದ ಎಷ್ಟು ಸಲ ಮಾಡಿಸಿದರೆಂದರೆ ರಾತ್ರಿ ನಿದ್ದೆಯಲ್ಲೂ ನನ್ನ ಕೈ ಬಲಕ್ಕೆ, ಎಡಕ್ಕೆ ಹೋಗುತ್ತಿತ್ತು.

ಮರುದಿನ ಹಾರುವುದಿತ್ತು. ಹಾರಲಿಲ್ಲ. ಒಬ್ಬಂಟಿಯಾಗಿ ಹಾರುವ ವಿದ್ಯಾರ್ಥಿಗಳನ್ನು ಗಂಟೆಗೆ 14 ಮೈಲಿ ಮೀರಿದ ಗಾಳಿಯಲ್ಲಿ ಕಳಿಸಬಾರದೆಂದು ಅಮೆರಿಕದ ಪ್ಯಾರಾಚೂಟ್ ಸಂಘದ ನಿಯಮ. ಗಾಳಿಚೀಲ ಬೆಳಿಗ್ಗೆ ಹತ್ತಕ್ಕೇ ಅಡ್ಡಡ್ಡ ನಿಂತಿತು. ದುಡ್ಡು ಕಟ್ಟಿದ್ದೇವೆ, ರಜೆ ಹಾಕಿ ಬಂದಿದ್ದೇವೆ, ಆದರೂ ಏಳು ತಾಸು ಬೆಂಚಿನ ಮೇಲೆ ಕೂತೆವು. ನಮ್ಮ ತಲೆಯ ಮೇಲೆ ಟ್ಯಾಂಡೆಮ್ ಗಿರಾಕಿಗಳು ಒಬ್ಬರ ಹಿಂದೊಬ್ಬರು ಇಳಿಯುತ್ತಿದ್ದರು. ನನಗೆ ಕೀಳರಿಮೆಯಾಯಿತು. ಹತ್ತಿರ ಕೂತಿದ್ದ, ಸಾವಿರಾರು ಸಲ ಹಾರಿದ ಹೆಂಗಸೊಬ್ಬರು ತಮ್ಮ ಚೀಲವನ್ನೂ ಗಂಟುಕಟ್ಟಿ ಎದ್ದರು. ಅವರಿಗೆ ಯಾವ ನಿಯಮವೂ ಅಡ್ಡಿಯಿರಲಿಲ್ಲ. ಈ ಗಾಳಿ ನನಗೆ ಸರಿ ಕಾಣುತ್ತಿಲ್ಲ ಎಂದಷ್ಟೇ ಹೇಳಿ ಕಾರು ಹತ್ತಿದರು. ಯಾರೂ ನಗಲಿಲ್ಲ, ಯಾಕೆ ಎಂದು ಕೇಳಲೂ ಇಲ್ಲ. ಇವತ್ತು ಬೇಡ ಎನ್ನುವುದಕ್ಕೆ ಅಲ್ಲಿ ಅಷ್ಟು ಮರ್ಯಾದೆ.

ನಾಲ್ಕನೆಯ ಹಾರಾಟದಲ್ಲಿ ನನ್ನ ಬಣ್ಣ ಬಯಲಾಯಿತು. ಹಿಡಿದುಕೊಂಡಿದ್ದ ಬೋಧಕ ಕೈಬಿಟ್ಟು ಎದುರಿಗೆ ತೇಲುತ್ತಿದ್ದ. ದೂರದಲ್ಲಿ ಬೆಟ್ಟಸಾಲು, ಅದರಾಚೆ ಮಂಜು. ನಾನು ಕಣ್ತುಂಬ ನೋಡುತ್ತಿದ್ದೆ. ಅವನು ಬೆರಳು ತೋರಿಸಿ ಏನೋ ಹೇಳಿದ. ನಾನು ಖುಷಿಯಲ್ಲಿ ಹೆಬ್ಬೆರಳೆತ್ತಿದೆ. ಮರುಗಳಿಗೆ ಬಳಿಸಾರಿದ ಅವನೇ ನನ್ನ ಪ್ಯಾರಾಚೂಟ್ ಬಿಚ್ಚಿದ. ಮಣಿಕಟ್ಟಿನ ಎತ್ತರಮಾಪಕವನ್ನು ನಾನು ನೋಡಿಯೇ ಇರಲಿಲ್ಲ. ನೆಲಕ್ಕೆ ಬಂದ ಮೇಲೆ ಅವನು ಬೈಯಲಿಲ್ಲ. ನನ್ನ ಲಾಗ್‌ಬುಕ್ಕಿನಲ್ಲಿ ಆ ಪಾಠವನ್ನು ಪುನಃ ಮಾಡಬೇಕೆಂದು ಬರೆದು ಸಹಿ ಹಾಕಿದ. ಆ ನಿಮಿಷದಲ್ಲಿ ನಾನು ಚೂರೂ ಹೆದರಿರಲಿಲ್ಲ. ನಮ್ಮ ಭಾಷಣಕಾರರ ಪ್ರಕಾರ ನಾನು ಪರಮ ಧೈರ್ಯಶಾಲಿ. ಹಾರಿದ್ದು ಮತ್ತೆ ಅಂವನೇ.

ಹೆದರಿಕೆಯನ್ನು ಕೊಲ್ಲಬೇಕು ಎಂಬ ಉಪದೇಶದ ದೋಷ ಇಲ್ಲಿದೆ. ಹೆದರದವನು ಎತ್ತರ ನೋಡುವುದಿಲ್ಲ. ಬಿಲ್ ಬೂತ್ ಹೆಸರಿನಲ್ಲಿ ಹಾರುವವರ ನಡುವೆ ಒಂದು ಮಾತು ಓಡಾಡುತ್ತದೆ: ಸಲಕರಣೆ ಎಷ್ಟು ಸುರಕ್ಷಿತವಾಗುತ್ತದೋ ಜನ ಅಷ್ಟೇ ಹೆಚ್ಚು ಅಪಾಯ ಮೈಮೇಲೆ ಎಳೆದುಕೊಳ್ಳುತ್ತಾರೆ, ಸಾವಿನ ಲೆಕ್ಕ ಮಾತ್ರ ಹಾಗೇ ಉಳಿಯುತ್ತದೆ ಎಂದು ಅದರ ಅರ್ಥ. ಈಗಿನ ಪ್ಯಾರಾಚೂಟುಗಳು ಬಿಚ್ಚಿಕೊಳ್ಳದೆ ಇರುವುದು ಅಪರೂಪ. ಹಿಡಿ ಎಳೆಯಲು ಮರೆತರೂ ಎತ್ತರ ಅಳೆದು ತಾನೇ ಎರಡನೆಯದನ್ನು ಬಿಚ್ಚುವ ಯಂತ್ರ ಬೆನ್ನ ಮೇಲಿರುತ್ತದೆ. ಆದರೂ ಜನ ಸಾಯುತ್ತಾರೆ. ಚೆನ್ನಾಗಿ ಬಿಚ್ಚಿಕೊಂಡ ಪ್ಯಾರಾಚೂಟಿನಡಿಯಲ್ಲೇ, ನೆಲದ ಹತ್ತಿರ ರಭಸದಿಂದ ತಿರುಗಿಸಲು ಹೋಗಿ ಸಾಯುತ್ತಾರೆ. ಅವರಲ್ಲಿ ಎಷ್ಟೋ ಜನ ಅನುಭವಿಗಳು.

ಇನ್ನು ಎದುರುಪಕ್ಷದ ಮಾತು. ಇದೆಲ್ಲ ಹೊಟ್ಟೆ ತುಂಬಿದವರ ಹುಚ್ಚು ಎನ್ನುವವರಿಗೆ ನಾನು ಇಲ್ಲ ಎನ್ನಲಾರೆ. 25 ಸಲ ಹಾರಿ, ಪರೀಕ್ಷೆ ಬರೆದು, ಪ್ಯಾರಾಚೂಟ್ ಮಡಚುವುದು ಕಲಿತು ಮೊದಲ ಹಂತದ ಪರವಾನಗಿ ಪಡೆಯುವಷ್ಟರಲ್ಲಿ ಸಾವಿರಾರು ಡಾಲರು ಕೈಬಿಟ್ಟಿತು. ನಮ್ಮ ದೇಶದಲ್ಲಿ ಸಾಮಾನ್ಯರು ಕಲಿಯಬಹುದಾದ ಜಾಗಗಳು ಬೆರಳೆಣಿಕೆಯಷ್ಟು. ಆದರೆ ಹುಚ್ಚು ಎಂದು ತಳ್ಳಿಹಾಕುವವರೂ ಧೈರ್ಯ ಎಂದು ಹೊಗಳುವವರೂ ಒಂದೇ ತಪ್ಪು ಮಾಡುತ್ತಿದ್ದಾರೆ. ಇಬ್ಬರಿಗೂ ಕಾಣುವುದು ಬಾಗಿಲಿನಿಂದ ಬೀಳುವ ಒಂದು ಗಳಿಗೆ ಮಾತ್ರ. ರೈಲ್ವೆ ಉದ್ಯೋಗಿಯಾಗಿದ್ದ ರೇಚಲ್ ಥಾಮಸ್ 2002ರಲ್ಲಿ ಉತ್ತರ ಧ್ರುವದ ಮೇಲೆ ಹಾರಿದ್ದನ್ನು, 2005ರಲ್ಲಿ ಪದ್ಮಶ್ರೀ ಪಡೆದದ್ದನ್ನು ಸಾಮಾನ್ಯಜ್ಞಾನದ ಪುಸ್ತಕಕ್ಕೆ ಸೇರಿಸಿಕೊಳ್ಳುತ್ತೇವೆ. ಅವರು ಮೊದಲ ಸಲ ಹಾರಿದ್ದು 1979ರಲ್ಲಿ. ನಡುವಿನ 23 ವರ್ಷ ಯಾವ ಪ್ರಶ್ನೆಪತ್ರಿಕೆಯಲ್ಲೂ ಬರುವುದಿಲ್ಲ.

ಅಪ್ಪ ಯಾಕೆ ಹಾಗೆ ಕೇಳಿದ ಎಂಬುದನ್ನು ಈಗ ಹೇಳಬೇಕು. ನಾನು ಆರನೇ ಇಯತ್ತೆಯಲ್ಲಿದ್ದ ವರ್ಷ ಕೊನೆಕೊಯ್ಲಿನ ಹೊತ್ತಿಗೆ ಅಕಾಲದ ಮಳೆ ಬಂತು. ನಮ್ಮ ತೋಟಕ್ಕೆ ಬರುತ್ತಿದ್ದ ಕೊನೆಗೌಡ ಅರವತ್ತು ಅಡಿಯ ಮರ ಹತ್ತಿ, ತುದಿಯನ್ನು ಜೀಕಿ, ನೆಲಕ್ಕಿಳಿಯದೆ ಮರದಿಂದ ಮರಕ್ಕೆ ದಾಟುತ್ತಿದ್ದವನು. ಹತ್ತುವ ಮೊದಲು ಹಗ್ಗವನ್ನು ಕಾಲಡಿ ಹಾಕಿ ಮೂರು ಸಲ ಜಗ್ಗುತ್ತಿದ್ದ. ಮರದ ಬುಡಕ್ಕೆ ಕೈಯಿಟ್ಟು ಮೇಲೆ ನೋಡುತ್ತಿದ್ದ. ಆ ಬೆಳಿಗ್ಗೆ ಹಾಗೆ ಕೈಯಿಟ್ಟು ತೆಗೆದು, “ಹೆಗಡೇರೇ, ಇವತ್ತು ಬ್ಯಾಡ. ಮರ ಜಾರ್ತದೆ” ಅಂದ. ಇನ್ನೆರಡು ದಿನ ಬಿಟ್ಟರೆ ಕೊನೆ ಹಣ್ಣಾಗುತ್ತದೆ, ಕೆಂಪಡಿಕೆಗೆ ಬರುವುದಿಲ್ಲ. ಅಪ್ಪ ಅವನನ್ನು ಪುಕ್ಕಲ ಅಂದ. ಅಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಅವನು ಹತ್ತಿದ. ಏಳನೆಯದೋ ಎಂಟನೆಯದೋ ಮರದಿಂದ ಬಿದ್ದ. ಆಮೇಲೆ ಒಂಬತ್ತು ವರ್ಷ ಬದುಕಿದ, ಸೊಂಟದ ಕೆಳಗೆ ಚಲನೆಯಿಲ್ಲದೆ. ಆಸ್ಪತ್ರೆಯ ಖರ್ಚು ಅಪ್ಪ ಕೊಟ್ಟ. ಈಗ ನಮ್ಮ ತೋಟದಲ್ಲಿ ಫೈಬರ್ ದೋಟಿ ಬಂದಿದೆ, ಯಾರೂ ಮರ ಹತ್ತುವುದಿಲ್ಲ.

ಸಾಹಸ ಎಂಬ ಶಬ್ದವನ್ನು ನಾವು ಯಾರಿಗೆ ಕೊಡುತ್ತೇವೆ, ಯಾರಿಗೆ ಕೊಡುವುದಿಲ್ಲ ಎಂದು ಇದಕ್ಕಿಂತ ಸ್ಪಷ್ಟವಾಗಿ ನನಗೆ ಹೇಳಲು ಬರುವುದಿಲ್ಲ. ಮೂವತ್ತು ವರ್ಷ ಮರದಿಂದ ಮರಕ್ಕೆ ಹಾರಿದವನಿಗೆ ಸಿಕ್ಕಿದ್ದು ದಿನಗೂಲಿ. ಒಂದು ದಿನ ಹತ್ತುವುದಿಲ್ಲ ಎಂದದ್ದಕ್ಕೆ ಸಿಕ್ಕಿದ್ದು ಪುಕ್ಕಲ ಎಂಬ ಬಿರುದು. ಇನ್ನೊಬ್ಬನ ಎದೆಗೆ ನೇತುಬಿದ್ದು ಇಳಿದ ನನಗೆ ಗಂಡೆದೆ. ಬಯಲಿನ ಬೆಂಚಿನ ಮೇಲೆ ಏಳು ತಾಸು ಕೂತಾಗ ನನಗೆ ಅರ್ಥವಾದದ್ದು ಇದು: ನಾನು ಅಷ್ಟೊಂದು ಡಾಲರು ಕೊಟ್ಟು ಕೊಂಡದ್ದರಲ್ಲಿ ಎಲ್ಲಕ್ಕಿಂತ ದುಬಾರಿ ವಸ್ತು ಬೇಡ ಎನ್ನುವ ಹಕ್ಕು. ನನ್ನ ಬೇಡವನ್ನು ಕಾಯಲು ನಿಯಮಪುಸ್ತಕವಿತ್ತು, ಗಾಳಿಮಾಪಕವಿತ್ತು, ಸಹಿ ಹಾಕದ ಬೋಧಕನಿದ್ದ. ಕೊನೆಗೌಡನಿಗೆ ಅಂಗೈಯಲ್ಲಿ ಮರದ ಹಸಿಯಿತ್ತು, ಅಷ್ಟೇ.

ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ಮುಂದೆ ಯಾರಾದರೂ ವೇದಿಕೆಯಿಂದ ಧುಮುಕಿಬಿಡಿ ಎಂದಾಗ ಅವರ ಬೆನ್ನ ಕಡೆ ನೋಡಿ. ಅಲ್ಲಿ ಎರಡನೆಯ ಪ್ಯಾರಾಚೂಟ್ ಇರುತ್ತದೆ. ಅಪ್ಪನ ತೋಟ, ಬ್ಯಾಂಕಿನ ಠೇವಣಿ, ಜಾತಿಯ ನಂಟು, ಬೇಕೆಂದಾಗ ವಾಪಸು ಹೋಗಬಹುದಾದ ಮನೆ. ನನ್ನ ಬೆನ್ನಿಗೂ ಇತ್ತು. ಅದಿಲ್ಲದವರಿಗೆ ಧುಮುಕು ಎನ್ನುವುದು ಪ್ರೋತ್ಸಾಹ ಅಂತ ನನಗನ್ನಿಸುವುದಿಲ್ಲ. ಆ ದಿನ ಅಪ್ಪ ಅಂದ ಪುಕ್ಕಲ ಎಂಬ ಮಾತಿನದೇ ಇನ್ನೊಂದು ರೂಪ ಅದು.

ಒಂದು ಸಲ ಟ್ಯಾಂಡೆಮ್ ಹಾರಿ ಮನಸ್ಸು ಅಲ್ಲೇ ಉಳಿದಿದ್ದರೆ, ಕೈಯಲ್ಲಿ ಹಣವೂ ಇದ್ದರೆ, ಖಂಡಿತ ತಿರುಗಿ ಹೋಗಿ ಕಲಿಯಿರಿ. ಭಯ ಓಡಿಸಲು ಹೋಗಬೇಡಿ. ಅದನ್ನು ಜೊತೆಗಿಟ್ಟುಕೊಂಡು ಎತ್ತರಮಾಪಕ ನೋಡುವುದನ್ನು ಕಲಿಯಲು ಹೋಗಿ. ಕಲಿಯುವ ಮನಸ್ಸಿಲ್ಲದಿದ್ದರೆ ಅದೂ ಸರಿ. ವಿಡಿಯೋದ ಕೆಳಗೆ ನನ್ನನ್ನು ಒಬ್ಬರು ಹಾರಿಸಿದರು, ಬಹಳ ಚೆನ್ನಾಗಿತ್ತು ಎಂದು ಬರೆಯಿರಿ. ಸುಳ್ಳಿಲ್ಲದ ಸಂತೋಷಕ್ಕೆ ಏನೂ ಕೊರತೆಯಿಲ್ಲ.

ಪರವಾನಗಿ ಬಂದ ದಿನ ನಾನು ವಿಡಿಯೋ ಹಾಕಲಿಲ್ಲ. ಅಪ್ಪನಿಗೆ ಫೋನು ಮಾಡಿದೆ. ಈ ಸಲ ಹಾರಿದ್ದು ನಾನೇ ಎಂದೆ. ಅವನು ಅದರ ಬಗ್ಗೆ ಏನೂ ಹೇಳಲಿಲ್ಲ.

“ಗಾಳಿ ಜೋರಿದ್ದ ದಿನ ಎಂತ ಮಾಡ್ತೆ?” ಎಂದು ಕೇಳಿದ.

“ಹಾರ್ತ್ನಿಲ್ಲೆ.”

“ಯಾರೂ ಬೈತ್ವಿಲ್ಯ?”

“ಇಲ್ಲೆ.”

ಬಹಳ ಹೊತ್ತು ಆ ಕಡೆಯಿಂದ ಮಾತಿಲ್ಲ. ಜಗಲಿಯಾಚೆ ಯಾರೋ ಅಡಿಕೆ ಸುಲಿಯುವ ಸದ್ದು ಕೇಳುತ್ತಿತ್ತು. ಆಮೇಲೆ “ಚೊಲೋ ಆತು” ಎಂದು ಫೋನಿಟ್ಟ.