ನವೋದಯ ಬರಲಿ, ಉಳಿದ ಮಕ್ಕಳ ಲೆಕ್ಕವೂ ಆಗಲಿ



2024ರ ಡಿಸೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ದೇಶಕ್ಕೆ 28 ಹೊಸ ಜವಾಹರ ನವೋದಯ ವಿದ್ಯಾಲಯಗಳನ್ನು ಮಂಜೂರು ಮಾಡಿತು. ಅದರಲ್ಲಿ ಕರ್ನಾಟಕಕ್ಕೆ ಸಿಕ್ಕಿದ್ದು ಒಂದೇ, ಬಳ್ಳಾರಿ ಜಿಲ್ಲೆಗೆ. ಜಿಲ್ಲೆಯಲ್ಲಿ ಮೊದಲೇ ಒಂದು ನವೋದಯ ಇತ್ತಲ್ಲ ಎಂದು ಯಾರಾದರೂ ಕೇಳಬಹುದು. ಇತ್ತು, ಕೂಡ್ಲಿಗಿ ತಾಲ್ಲೂಕಿನ ಚಿಕ್ಕಜೋಗಿಹಳ್ಳಿಯಲ್ಲಿ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ಕೂಡ್ಲಿಗಿಯೂ ಆ ಕಡೆಗೆ ಹೋಯಿತು, ಶಾಲೆಯೂ ಹೋಯಿತು. ಬಳ್ಳಾರಿ, ಕುರುಗೋಡು, ಕಂಪ್ಲಿ, ಸಂಡೂರು, ಸಿರುಗುಪ್ಪ ಈ ಐದು ತಾಲ್ಲೂಕುಗಳಿಗೆ ತಮ್ಮದೇ ಜಿಲ್ಲೆಯಲ್ಲಿ ನವೋದಯ ಇಲ್ಲದಂತಾಯಿತು. ಆದ್ದರಿಂದ ಹೊಸ ಶಾಲೆ ನ್ಯಾಯವಾಗಿ ಬರಬೇಕಾದದ್ದೇ. ಅದಕ್ಕಾಗಿ ಒತ್ತಾಯ ಮಾಡಿದವರೆಲ್ಲ ಅಭಿನಂದನೆಗೆ ಅರ್ಹರು.

ತಕರಾರು ಇರುವುದು ಅದರ ಮುಂದಿನ ಮಾತಿಗೆ. ರಾಜ್ಯದಲ್ಲಿ ಹೊಸ ಜಿಲ್ಲೆ, ಹೊಸ ತಾಲ್ಲೂಕು ಆದಾಗಲೆಲ್ಲ ಪರೀಕ್ಷೆ ಬರೆಸಿ ಮಕ್ಕಳನ್ನು ಆರಿಸಿಕೊಳ್ಳುವ ಒಂದು ಶಾಲೆಗಾಗಿ ಮನವಿಗಳು ಹೋಗುತ್ತವೆ. ಕೆಲವರಿಗೆ ನವೋದಯ ಬೇಕು, ಕೆಲವರಿಗೆ ಆದರ್ಶ ವಿದ್ಯಾಲಯ, ಇನ್ನು ಕೆಲವರಿಗೆ ಮೊರಾರ್ಜಿ ದೇಸಾಯಿ ಅಥವಾ ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ. ಮಂಜೂರಾತಿಯ ಆದೇಶ ಬಂದರೆ ಹೋರಾಟ ಮುಗಿಯಿತು, ಸನ್ಮಾನ ಆಯಿತು. ಆಯ್ಕೆಯಾಗದೆ ಉಳಿದ ಮಕ್ಕಳು ಓದುವ ಊರ ಪ್ರೌಢಶಾಲೆಯ ಹೆಸರು ಆ ಮನವಿಯಲ್ಲಿ ಒಂದು ಕಡೆಯೂ ಇರುವುದಿಲ್ಲ.

ಲೆಕ್ಕ ಹಾಕಿ ನೋಡಬೇಕು. ಪೂರ್ಣ ಪ್ರಮಾಣದ ನವೋದಯದಲ್ಲಿ ಆರನೇ ತರಗತಿಗೆ 80 ಮಕ್ಕಳು, ಹನ್ನೆರಡನೇ ತರಗತಿಯವರೆಗೆ ಸೇರಿ 560. ಐದು ತಾಲ್ಲೂಕುಗಳಿಗೆ ಸಮನಾಗಿ ಹಂಚಿದರೆ ತಾಲ್ಲೂಕಿಗೆ ವರ್ಷಕ್ಕೆ ಹದಿನಾರು ಮಕ್ಕಳು. ಸಿರುಗುಪ್ಪ ತಾಲ್ಲೂಕಿನ ನಾಲ್ಕಾರು ಹಳ್ಳಿಗಳ ಐದನೇ ತರಗತಿಯ ಹಾಜರಿ ಪುಸ್ತಕ ತೆಗೆದರೆ ಅದಕ್ಕಿಂತ ಹೆಚ್ಚು ಹೆಸರು ಸಿಗುತ್ತವೆ. 28 ಶಾಲೆಗಳಿಗೆ ಐದು ವರ್ಷದಲ್ಲಿ ತಗಲುವ ಅಂದಾಜು ವೆಚ್ಚ 2,359.82 ಕೋಟಿ ರೂಪಾಯಿ. ಅದರಲ್ಲಿ ಕಟ್ಟಡ ಮೊದಲಾದ ಬಂಡವಾಳ ವೆಚ್ಚವೇ 1,944.19 ಕೋಟಿ, ಅಂದರೆ ಶಾಲೆಯೊಂದಕ್ಕೆ ಸುಮಾರು 69 ಕೋಟಿ. ಪ್ರತಿ ಶಾಲೆಗೆ 47 ಹುದ್ದೆಗಳು. ಈ ದುಡ್ಡು ದಂಡ ಎಂದು ಹೇಳುವುದು ಇಲ್ಲಿನ ಉದ್ದೇಶವಲ್ಲ. ಒಂದು ಮಗುವನ್ನು ಚೆನ್ನಾಗಿ ಓದಿಸಲು ಏನೇನು ಬೇಕು ಎಂಬುದು ಸರ್ಕಾರಕ್ಕೆ ಗೊತ್ತಿದೆ, ಅದನ್ನು ಒದಗಿಸಲೂ ಬರುತ್ತದೆ ಎಂಬುದಕ್ಕೆ ಈ ಅಂಕಿಗಳೇ ಸಾಕ್ಷಿ.

ನವೋದಯದ ಸಾಧನೆಯನ್ನು ಯಾರೂ ಅಲ್ಲಗಳೆಯಲಾರರು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಹೊತ್ತಿಗೆ ಹುಟ್ಟಿದ ಈ ಶಾಲೆಗಳಲ್ಲಿ ಶೇ 75ರಷ್ಟು ಸೀಟು ಹಳ್ಳಿಯ ಮಕ್ಕಳಿಗೆ, ಮೂರನೇ ಒಂದು ಪಾಲು ಹೆಣ್ಣುಮಕ್ಕಳಿಗೆ ಮೀಸಲು. ಊಟ, ವಸತಿ, ಪುಸ್ತಕ, ಸಮವಸ್ತ್ರ ಎಲ್ಲವೂ ಉಚಿತ. 2025ರ ಸಿಬಿಎಸ್‌ಇ ಹತ್ತು ಮತ್ತು ಹನ್ನೆರಡನೇ ತರಗತಿ ಫಲಿತಾಂಶದಲ್ಲಿ ನವೋದಯಗಳ ಉತ್ತೀರ್ಣ ಪ್ರಮಾಣ ಶೇ 99 ದಾಟಿತು. ಕೂಲಿ ಮಾಡುವವರ ಮಗಳು ಎಂಜಿನಿಯರೋ ಡಾಕ್ಟರೋ ಆಗಿ ಊರಿಗೆ ಬಂದು ನಿಂತಾಗ ಇಡೀ ಓಣಿಗೆ ಆಗುವ ಹೆಮ್ಮೆ ಸಣ್ಣದಲ್ಲ.

ಆದರೆ ಆ ಫಲಿತಾಂಶ ಬರೀ ಆಯ್ಕೆ ಪರೀಕ್ಷೆಯಿಂದ ಬಂದದ್ದಲ್ಲ. ಪಾಠ ಹೇಳಲು ಶಿಕ್ಷಕರಿದ್ದಾರೆ. ಅವರು ಶಾಲೆಯ ಆವರಣದಲ್ಲೇ ವಾಸವಿದ್ದಾರೆ. ಸಂಜೆ ಮಕ್ಕಳನ್ನು ಕೂರಿಸಿ ಓದಿಸುವವರಿದ್ದಾರೆ, ಹೊಟ್ಟೆ ತುಂಬ ಊಟವಿದೆ, ಪ್ರಯೋಗಾಲಯದ ಬಾಗಿಲು ತೆರೆದಿದೆ. ಇವುಗಳಲ್ಲಿ ಯಾವುದಕ್ಕೂ ಪ್ರವೇಶ ಪರೀಕ್ಷೆ ಬೇಕಿಲ್ಲ. ಇತ್ತ ರಾಜ್ಯದ ಸರ್ಕಾರಿ ಶಾಲೆಗಳು ಪ್ರತಿ ಜೂನ್‌ನಲ್ಲೂ ಹತ್ತಾರು ಸಾವಿರ ಅತಿಥಿ ಶಿಕ್ಷಕರ ನೇಮಕಕ್ಕಾಗಿ ಕಾಯುತ್ತವೆ. ಗಣಿತದ ಮೇಷ್ಟ್ರು ಬರುವ ಹೊತ್ತಿಗೆ ಮೊದಲ ಕಿರು ಪರೀಕ್ಷೆ ಹತ್ತಿರ ಬಂದಿರುತ್ತದೆ. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಶೇ 91.12 ಪಡೆದು ಮೊದಲ ಸ್ಥಾನದಲ್ಲಿದ್ದರೆ, ಕಲಬುರಗಿ ಶೇ 42.43ರೊಂದಿಗೆ ಕೊನೆಯಲ್ಲಿತ್ತು. ಕಲಬುರಗಿ ಜಿಲ್ಲೆಯಲ್ಲೂ ನವೋದಯ ಇದೆ, ಮೊರಾರ್ಜಿ ಶಾಲೆಗಳಿವೆ. ಅವು ಚೆನ್ನಾಗಿ ನಡೆದ ಮಾತ್ರಕ್ಕೆ ಜಿಲ್ಲೆಯ ಉಳಿದ ಮಕ್ಕಳ ಫಲಿತಾಂಶ ಮೇಲೇಳಲಿಲ್ಲ.

ಇನ್ನು ಆಯ್ಕೆ ಪರೀಕ್ಷೆಯ ವಿಚಾರ. ಐದನೇ ತರಗತಿಯ ಮಗು ಎರಡು ಗಂಟೆಯಲ್ಲಿ 80 ಪ್ರಶ್ನೆಗಳಿಗೆ ಉತ್ತರಿಸಬೇಕು: 40 ಮಾನಸಿಕ ಸಾಮರ್ಥ್ಯದವು, 20 ಅಂಕಗಣಿತ, 20 ಭಾಷೆ. ಒಂದೇ ಅವಕಾಶ, ಮುಂದಿನ ವರ್ಷ ಮತ್ತೆ ಬರೆಯುವಂತಿಲ್ಲ. ಪರೀಕ್ಷೆ ಕನ್ನಡದಲ್ಲೂ ಇದೆ, ಅದು ಒಳ್ಳೆಯದು. ಆದರೆ ಮಾನಸಿಕ ಸಾಮರ್ಥ್ಯ ಎಂಬ ಪತ್ರಿಕೆಯ ಆಕೃತಿಗಳನ್ನು ಹಳ್ಳಿ ಶಾಲೆಯ ಯಾವ ಪಠ್ಯಪುಸ್ತಕವೂ ಕಲಿಸುವುದಿಲ್ಲ. ಕಲಿಸುವವರು ಕೋಚಿಂಗ್ ಕೇಂದ್ರದವರು. ಉತ್ತರ ಕರ್ನಾಟಕದ ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ಬಸ್ ನಿಲ್ದಾಣದ ಸುತ್ತ ‘ನವೋದಯ, ಸೈನಿಕ, ಮೊರಾರ್ಜಿ, ಕಿತ್ತೂರು ತರಬೇತಿ, ವಸತಿ ಸಹಿತ’ ಎಂಬ ಫಲಕಗಳು ಕಣ್ಣಿಗೆ ಬೀಳುತ್ತವೆ. ಒಂಬತ್ತು ಹತ್ತು ವರ್ಷದ ಮಕ್ಕಳು ಅಪ್ಪ ಅಮ್ಮನನ್ನು ಬಿಟ್ಟು ಅಂಥ ಕೊಠಡಿಗಳಲ್ಲಿ ಬೆಳಗ್ಗೆ ಐದಕ್ಕೆ ಏಳುತ್ತಾರೆ. ಫೀಸು ಕಟ್ಟಲಾಗದವರ ಮಗು ಎಷ್ಟೇ ಚುರುಕಾಗಿದ್ದರೂ ಆ ಆಕೃತಿಗಳನ್ನು ಮೊದಲ ಸಲ ನೋಡುವುದು ಪರೀಕ್ಷಾ ಕೊಠಡಿಯಲ್ಲೇ. ಗ್ರಾಮೀಣ ಕೋಟಾಕ್ಕೆ ಮೂರು, ನಾಲ್ಕು, ಐದನೇ ತರಗತಿಗಳನ್ನು ಹಳ್ಳಿಯಲ್ಲೇ ಓದಿರಬೇಕೆಂಬ ನಿಯಮವಿದೆ. ಹೆಸರು ಹಳ್ಳಿ ಶಾಲೆಯ ರಿಜಿಸ್ಟರ್‌ನಲ್ಲಿ, ಮಗು ಪೇಟೆಯ ಕೋಚಿಂಗ್‌ನಲ್ಲಿ ಎಂಬ ದೂರೂ ಹಳೆಯದೇ.

ಇದು ಇಲ್ಲಿನದಷ್ಟೇ ಅಲ್ಲ. ಇಂಗ್ಲೆಂಡಿನಲ್ಲಿ ಹನ್ನೊಂದನೇ ವಯಸ್ಸಿಗೆ ಪರೀಕ್ಷೆ ನಡೆಸಿ ಸೇರಿಸಿಕೊಳ್ಳುವ 163 ಸರ್ಕಾರಿ ಗ್ರಾಮರ್ ಶಾಲೆಗಳಿವೆ. ಹೊಸದಾಗಿ ಅಂಥ ಶಾಲೆ ತೆರೆಯಬಾರದೆಂದು 1998ರಲ್ಲೇ ಕಾನೂನಾಯಿತು. ಕೆಂಟ್ ಪ್ರಾಂತ್ಯದ ಸೆವೆನೋಕ್ಸ್ ಊರಿನ ಪಾಲಕರು ತಮ್ಮ ಮಕ್ಕಳು ಟನ್‌ಬ್ರಿಜ್, ಟನ್‌ಬ್ರಿಜ್ ವೆಲ್ಸ್‌ವರೆಗೆ ದಿನಾ ಓಡಾಡಬೇಕಾಗಿದೆ ಎಂದು ಸಹಿ ಸಂಗ್ರಹಿಸಿ ವರ್ಷಗಟ್ಟಲೆ ಚಳವಳಿ ಮಾಡಿದರು. ಕೊನೆಗೆ 2015ರಲ್ಲಿ, ಹಳೆಯ ಶಾಲೆಯ ವಿಸ್ತರಣೆ ಎಂಬ ಹೆಸರಿನಲ್ಲಿ ಅನುಮತಿ ಸಿಕ್ಕಿತು. 2017ರಲ್ಲಿ ಅದು ಬಾಗಿಲು ತೆರೆಯಿತು. ಅವರ ಕಷ್ಟ ನಿಜವಾದದ್ದೇ. ಆದರೆ ಅಲ್ಲಿನ ಸಟನ್ ಟ್ರಸ್ಟ್ ಎಂಬ ಸಂಸ್ಥೆ 2013ರಲ್ಲಿ ಪ್ರಕಟಿಸಿದ ವರದಿ ಹೇಳಿದ್ದು ಇಷ್ಟು: ಗ್ರಾಮರ್ ಶಾಲೆ ಸೇರಿದವರಲ್ಲಿ ಉಚಿತ ಊಟಕ್ಕೆ ಅರ್ಹರಾದ ಬಡ ಮಕ್ಕಳು ಶೇ 3ಕ್ಕಿಂತ ಕಡಿಮೆ. ಅದೇ ಪ್ರದೇಶಗಳ ಶಾಲಾ ಮಕ್ಕಳಲ್ಲಿ ಅಂಥವರು ಶೇ 18ರ ಹತ್ತಿರ ಇದ್ದರು. ನಮ್ಮ ನವೋದಯದಲ್ಲಿ ಮೀಸಲಾತಿ ಇರುವುದರಿಂದ ಸ್ಥಿತಿ ಅಷ್ಟು ಕೆಟ್ಟಿಲ್ಲ. ಕೋಚಿಂಗ್ ಹೀಗೇ ಬೆಳೆದರೆ ಮೀಸಲಾತಿಯ ಒಳಗೂ ಉಳ್ಳವರೇ ಮುಂದೆ ಬರುವುದು ತಡವಾಗದು.

ಚಳವಳಿ ಮಾಡುವವರು ಮರೆಯಬಾರದ ಇನ್ನೊಂದು ಪಾಠ ಆದರ್ಶ ವಿದ್ಯಾಲಯಗಳದು. ಕೇಂದ್ರದ ಮಾದರಿ ಶಾಲೆ ಯೋಜನೆಯಲ್ಲಿ ಕರ್ನಾಟಕದ ಹಿಂದುಳಿದ 74 ತಾಲ್ಲೂಕುಗಳಿಗೆ ಇವು ಬಂದವು. ಆಗಲೂ ಸಂಭ್ರಮವಿತ್ತು. 2015-16ರಲ್ಲಿ ಕೇಂದ್ರ ಈ ಯೋಜನೆಗೆ ಕೊಡುತ್ತಿದ್ದ ನೆರವನ್ನು ನಿಲ್ಲಿಸಿತು. ಶಾಲೆಗಳ ಭಾರ ಪೂರ್ತಿ ರಾಜ್ಯದ ಮೇಲೆ ಬಿತ್ತು. ಮಂಜೂರಾತಿ ಸಿಕ್ಕರೆ ಸಾಲದು, ಮುಂದೆ ನಡೆಸುವ ಹೊಣೆ ಯಾರದೆಂದೂ ಮೊದಲೇ ಕೇಳಿಕೊಳ್ಳಬೇಕು.

ಬಳ್ಳಾರಿಯ ವಿಷಯಕ್ಕೆ ಬಂದರೆ, ಕೇಳಬೇಕಾದ ಪ್ರಶ್ನೆಗಳು ಈಗಲೇ ಇವೆ. ನವೋದಯಕ್ಕೆ ಜಮೀನನ್ನು ಉಚಿತವಾಗಿ ಕೊಡಬೇಕಾದದ್ದು ರಾಜ್ಯ ಸರ್ಕಾರ. ಸ್ವಂತ ಕಟ್ಟಡ ಏಳುವವರೆಗೆ ತಾತ್ಕಾಲಿಕ ಜಾಗ ಒದಗಿಸುವುದೂ ಅದರ ಹೊಣೆ. ಆ ತಾತ್ಕಾಲಿಕ ಜಾಗ ಎಂದರೆ ಹೆಚ್ಚಿನ ಕಡೆ ಈಗಾಗಲೇ ಇರುವ ಯಾವುದೋ ಸರ್ಕಾರಿ ಕಟ್ಟಡ. ಯಾವುದೇ ಪ್ರೌಢಶಾಲೆಯ ಕೊಠಡಿಯನ್ನಾಗಲಿ, ಹಿಂದುಳಿದ ವರ್ಗದ ಹಾಸ್ಟೆಲನ್ನಾಗಲಿ ಇದಕ್ಕಾಗಿ ಖಾಲಿ ಮಾಡಿಸುವುದಿಲ್ಲ ಎಂದು ಜಿಲ್ಲಾಡಳಿತ ಲಿಖಿತವಾಗಿ ಹೇಳಬೇಕು. ಎಂಬತ್ತು ಮಕ್ಕಳಿಗೆ ಬಾಗಿಲು ತೆರೆಯಲು ಇನ್ನೂರು ಮಕ್ಕಳನ್ನು ಮರದಡಿ ಕೂರಿಸಿದರೆ ಅದನ್ನು ಯಾರೂ ಒಪ್ಪಬಾರದು.

ದುಡ್ಡಿಲ್ಲ ಎಂಬ ಉತ್ತರ ಈ ಜಿಲ್ಲೆಯಲ್ಲಿ ನಡೆಯುವುದಿಲ್ಲ. ಸಂಡೂರಿನ ಗುಡ್ಡಗಳಿಂದ ಅದಿರು ಹೋದದ್ದಕ್ಕೆ ಪ್ರತಿಯಾಗಿ ಜಿಲ್ಲಾ ಖನಿಜ ಪ್ರತಿಷ್ಠಾನದಲ್ಲಿ ಹಣ ಸೇರುತ್ತಲೇ ಇದೆ. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಹುಟ್ಟಿದ ಈ ನಿಧಿಯ ನಿಯಮದಲ್ಲಿ ಶಿಕ್ಷಣವೂ ಆದ್ಯತೆಯ ಕ್ಷೇತ್ರ. ಸಂವಿಧಾನದ 371(ಜೆ) ವಿಧಿಯ ಅಡಿ ಕಲ್ಯಾಣ ಕರ್ನಾಟಕಕ್ಕೆ ಸಿಗುವ ಅನುದಾನ ಬೇರೆ ಇದೆ. ಪ್ರಯೋಗಾಲಯ, ಹೆಣ್ಣುಮಕ್ಕಳ ಶೌಚಾಲಯ, ದೂರದ ಹಳ್ಳಿಗಳಿಗೆ ಶಾಲಾ ಬಸ್ಸು, ಸಂಜೆ ಓದಿಗೆ ಒಬ್ಬ ಶಿಕ್ಷಕ: ಧೂಳು ನುಂಗಿದ ಹಳ್ಳಿಗಳ ಪ್ರೌಢಶಾಲೆಗಳಿಗೆ ಈ ನಿಧಿಯಿಂದ ಇವನ್ನು ಕೊಡಿಸುವುದು ಕಷ್ಟದ ಕೆಲಸವಲ್ಲ. ಮನಸ್ಸು ಮಾಡಬೇಕಷ್ಟೆ.

ಕೋಚಿಂಗ್‌ಗೂ ಉಪಾಯವಿದೆ. ಪ್ರತಿ ಕ್ಲಸ್ಟರಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಐದನೇ ತರಗತಿಯ ಎಲ್ಲ ಮಕ್ಕಳಿಗೂ ವಾರಕ್ಕೆರಡು ಸಂಜೆ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ ತೋರಿಸಬಹುದು. ಅರ್ಜಿ ಆನ್‌ಲೈನ್ ಆದ ಮೇಲೆ ಅದನ್ನು ತುಂಬಿಸುವ ಹೊಣೆ ಮುಖ್ಯೋಪಾಧ್ಯಾಯರದ್ದೇ ಆಗಲಿ. ಸೈಬರ್ ಸೆಂಟರ್ ದಾರಿ ಗೊತ್ತಿಲ್ಲದ ಕಾರಣಕ್ಕೆ ಯಾವ ಮಗುವಿನ ಅರ್ಜಿಯೂ ತಪ್ಪಬಾರದು.

ಬೇರೆ ತಾಲ್ಲೂಕುಗಳಲ್ಲಿ ನವೋದಯಕ್ಕಾಗಿ ಮನವಿ ಬರೆಯುತ್ತಿರುವವರಿಗೂ ಒಂದು ಮಾತು. ಜಿಲ್ಲೆಗೊಂದು ಎಂಬುದೇ ಆ ಯೋಜನೆಯ ಲೆಕ್ಕ. ದೇಶದಲ್ಲಿ ಎರಡನೇ ನವೋದಯ ಸಿಕ್ಕಿರುವುದು ಹೆಚ್ಚಾಗಿ ಪರಿಶಿಷ್ಟ ಜಾತಿ, ಪಂಗಡದ ಜನಸಂಖ್ಯೆ ಹೆಚ್ಚಿರುವ 20 ಜಿಲ್ಲೆಗಳಿಗೆ. ತಾಲ್ಲೂಕಿಗೊಂದು ಸಿಗುವುದಿಲ್ಲ. ಆ ಶಕ್ತಿಯನ್ನೆಲ್ಲ ಈಗಿರುವ ಪ್ರೌಢಶಾಲೆಗೆ ಕಾಯಂ ಗಣಿತ, ವಿಜ್ಞಾನ, ಇಂಗ್ಲಿಷ್ ಶಿಕ್ಷಕರನ್ನು ತರಿಸಲು ಹಾಕಿದರೆ ಫಲ ಬೇಗ ಸಿಗುತ್ತದೆ, ಹೆಚ್ಚು ಮಕ್ಕಳಿಗೆ ಸಿಗುತ್ತದೆ.

ಬಳ್ಳಾರಿ ಜಿಲ್ಲೆಯ ಶಾಸಕರು, ಸಂಸದರು, ಹೋರಾಟ ಸಮಿತಿಗಳವರು ಇನ್ನೊಂದು ಮನವಿ ಸಿದ್ಧಪಡಿಸಬೇಕು. ಅದರಲ್ಲಿ ಐದೂ ತಾಲ್ಲೂಕುಗಳ ಪ್ರತಿ ಸರ್ಕಾರಿ ಪ್ರೌಢಶಾಲೆಯಲ್ಲಿ ಖಾಲಿ ಇರುವ ಹುದ್ದೆಗಳ ಪಟ್ಟಿ ಇರಲಿ, ಶಾಲೆಯ ಹೆಸರು, ವಿಷಯ, ಎಷ್ಟು ವರ್ಷದಿಂದ ಖಾಲಿ ಎಂಬುದೂ ಸೇರಿ. ನವೋದಯದ ಶಂಕುಸ್ಥಾಪನೆಗೆ ಬರುವ ಸಚಿವರ ಕೈಗೆ ಆ ಪಟ್ಟಿಯನ್ನು ವೇದಿಕೆಯ ಮೇಲೆಯೇ ಕೊಟ್ಟು, ತುಂಬುವ ದಿನಾಂಕ ಕೇಳಿ ಪಡೆಯಬೇಕೆಂದು ವಿನಂತಿ.

ಇಂತಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ
ಬಳ್ಳಾರಿ ಜಿಲ್ಲೆ